ವಾದ್ಯಕ್ಕೊಂದು ಹಾಸು

“ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬುದು ಹಿರಿಯರು ಹೇಳಿಕೊಟ್ಟ ಬಾಳಿನ ಪಾಠ. ಆದರೆ ಇಪ್ಪತ್ತು ಕಾಲುಗಳ ವಾದ್ಯವೊಂದು ಮನೆಗೆ ಬಂದಾಗ ಈ ಪಾಠವನ್ನು ತುಸು ತಿರುಗಿಸಿ ಓದಬೇಕಾಗುತ್ತದೆ: ಮೊದಲು ಕಾಲುಗಳನ್ನು ಎಣಿಸಬೇಕು, ಅನಂತರ ಹಾಸನ್ನು ಅಳೆಯಬೇಕು. ಆ ವಾದ್ಯವೇ ಡ್ರಮ್ ಸೆಟ್.

ಅರಸೀಕೆರೆ, ಬೇಲೂರು, ಹಳೇಬೀಡಿನ ಸೀಮೆಯಲ್ಲಿ ಇಂದು ಈ ವಾದ್ಯವನ್ನು ಕಾಣದ ಊರು ಅಪರೂಪ. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆಯ ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವ – ಎಲ್ಲಿ ವಾದ್ಯಗೋಷ್ಠಿಯುಂಟೋ ಅಲ್ಲಿ ವೇದಿಕೆಯ ಹಿಂಬದಿಯಲ್ಲಿ ಡ್ರಮ್ಮುಗಳ ಸಂಸಾರವೊಂದು ಹೊಳೆಯುತ್ತಿರುತ್ತದೆ. ಹಾಡು ರಂಗೇರುತ್ತದೆ, ಜನ ಚಪ್ಪಾಳೆಯ ಲಯ ಹಿಡಿಯುತ್ತಾರೆ, ಅಷ್ಟರಲ್ಲಿ ನಡುವಣ ದೊಡ್ಡ ಡ್ರಮ್ಮು ಅಂಗುಲ ಅಂಗುಲವಾಗಿ ಮುಂದಕ್ಕೆ ತೆವಳತೊಡಗುತ್ತದೆ. ವಾದಕನು ಒಂದು ಕೈಯಲ್ಲಿ ತಾಳವನ್ನು ಉಳಿಸಿಕೊಂಡು ಇನ್ನೊಂದು ಕೈಯಲ್ಲಿ ಅದನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಗಾಯಕನ ಮುಖದಲ್ಲಿ ಗಾಬರಿ. ಲಯದಲ್ಲಿ ಒಂದು ಬಿರುಕು. ಸಭಿಕರು ವಾದಕನ ಅಭ್ಯಾಸ ಸಾಲದೆಂದುಕೊಳ್ಳುತ್ತಾರೆ. ತಪ್ಪು ಬಹುಮಟ್ಟಿಗೆ ಅವನ ಕೈಯದಲ್ಲ, ವಾದ್ಯದ ಅಡಿಯಲ್ಲಿರುವ – ಅಥವಾ ಇಲ್ಲದಿರುವ – ಹಾಸಿನದು.

ಹೆಗಲಿನಿಂದ ನೆಲಕ್ಕೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ಬಳಸಿ ಬರುವವರಿಗೆ ನರ್ತಕಿಯರ ಪಕ್ಕದಲ್ಲಿ ವಾದ್ಯಗಾರರ ಸಾಲು ಕಾಣುತ್ತದೆ. ಬೇಲೂರಿನ ಮದನಿಕೆಯರಲ್ಲಿಯೂ ವಾದ್ಯ ಬಾರಿಸುತ್ತ ಕುಣಿಯುವ ಚೆಲುವೆಯರಿದ್ದಾರೆ. ಅಲ್ಲಿ ಚರ್ಮವಾದ್ಯವು ಹೆಗಲಿನಿಂದಲೋ ಕೊರಳಿನಿಂದಲೋ ಇಳಿಬಿದ್ದು ಕಲಾವಿದನ ಮೈಗೇ ಅಂಟಿಕೊಂಡಿರುತ್ತದೆ. ಅವನು ನಡೆದರೆ ವಾದ್ಯವೂ ನಡೆಯುತ್ತದೆ. ಡೊಳ್ಳು ಕುಣಿತದವರು ಇಂದಿಗೂ ವಾದ್ಯವನ್ನು ಹೊತ್ತೇ ಕುಣಿಯುತ್ತಾರೆ. ಮೃದಂಗವು ಕುಳಿತವನ ಕಾಲಿನ ಆಸರೆಯಲ್ಲಿ ಒರಗಿರುತ್ತದೆ. ತಬಲವು ಬಟ್ಟೆಯ ಸಿಂಬೆಯ ಮೇಲೆ ಕುಳಿತು ಅಲುಗಾಡದೆ ನುಡಿಯುತ್ತದೆ. ಹೀಗೆ ನಮ್ಮ ಸಂಪ್ರದಾಯದಲ್ಲಿ ವಾದ್ಯಕ್ಕೆ ಆಸರೆ ಮನುಷ್ಯನ ಮೈ, ಇಲ್ಲವೇ ಮೆತ್ತನೆಯ ಸಿಂಬೆ. ಜಮಖಾನವನ್ನು ಹಾಸುತ್ತಿದ್ದುದು ಕಲಾವಿದನ ಗೌರವಕ್ಕಾಗಿ, ಕುಳಿತುಕೊಳ್ಳುವ ಸುಖಕ್ಕಾಗಿ. ವಾದ್ಯವನ್ನು ಹಿಡಿದು ನಿಲ್ಲಿಸುವುದಕ್ಕಾಗಿ ಅಲ್ಲ.

ಡ್ರಮ್ ಸೆಟ್ಟಿನ ಕಥೆ ಬೇರೆ. ಅಮೆರಿಕದಲ್ಲಿ, ಅದರಲ್ಲಿಯೂ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮೆರವಣಿಗೆಯ ವಾದ್ಯಗಳು ಸಭಾಂಗಣದ ಒಳಗೆ ಬಂದವು. ಮೆರವಣಿಗೆಯಲ್ಲಿ ಇಬ್ಬರು ಮೂವರು ಹೊತ್ತು ಬಾರಿಸುತ್ತಿದ್ದ ಡ್ರಮ್ಮುಗಳನ್ನು ಒಬ್ಬನೇ ಕುಳಿತು ಬಾರಿಸುವ ಯುಕ್ತಿ ಹುಟ್ಟಿತು. ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಾರಿಸುವ ಪೆಡಲಿಗೆ 1909ರಲ್ಲಿ ವಿಲಿಯಂ ಲುಡ್ವಿಗ್ ಎಂಬ ವಾದಕ ಹಕ್ಕುಪತ್ರ ಪಡೆದ. ಕೈಗಳ ಜೊತೆಗೆ ಕಾಲುಗಳೂ ಲಯದ ಕೆಲಸಕ್ಕೆ ತೊಡಗಿದವು. ವಾದ್ಯವು ಮನುಷ್ಯನ ಮೈಯನ್ನು ಬಿಟ್ಟು ಉಕ್ಕಿನ ಕಾಲುಗಳ ಮೇಲೆ ನೆಲಕ್ಕಿಳಿಯಿತು. ಅಂದಿನಿಂದ ಅದಕ್ಕೆ ನೆಲದ ಚಿಂತೆ ತಪ್ಪಲಿಲ್ಲ.

ತೆವಳುವುದೇಕೆ?

ಸಾಮಾನ್ಯವಾದ ಒಂದು ಸೆಟ್ಟಿನ ಕಾಲುಗಳನ್ನು ಎಣಿಸಿ ನೋಡಬಹುದು. ಬೇಸ್ ಡ್ರಮ್ಮಿಗೆ ಮುಂಚಾಚಿದ ಎರಡು ಕಾಲು. ನೆಲದ ಮೇಲೆ ನಿಲ್ಲುವ ಟಾಮ್ ಡ್ರಮ್ಮಿಗೆ ಮೂರು. ಸ್ನೇರ್ ಡ್ರಮ್ಮಿನ ನಿಲುವಿಗೆ ಮೂರು. ಕಾಲಿನಿಂದ ತೆರೆದು ಮುಚ್ಚುವ ಹೈ ಹ್ಯಾಟ್ ತಾಳಗಳ ನಿಲುವಿಗೆ ಮೂರು. ಎರಡು ಸಿಂಬಲ್ ನಿಲುವುಗಳಿಗೆ ಆರು. ವಾದಕ ಕುಳಿತುಕೊಳ್ಳುವ ಪೀಠಕ್ಕೆ ಮೂರು. ಒಟ್ಟು ಇಪ್ಪತ್ತು. ಪೆಡಲಿನ ತಳಹಲಗೆಯೂ ನೆಲವನ್ನು ಮುಟ್ಟುತ್ತದೆಂಬುದನ್ನು ಲೆಕ್ಕದ ಹೊರಗಿಟ್ಟರೂ ಇಷ್ಟಾಯಿತು.

ಪೆಡಲನ್ನು ತುಳಿದಾಗಲೆಲ್ಲ ಅದರ ಕೊಡತಿ ಡ್ರಮ್ಮಿನ ಚರ್ಮಕ್ಕೆ ಬಡಿದು ಇಡೀ ಡ್ರಮ್ಮನ್ನು ಮುಂದಕ್ಕೆ ನೂಕುತ್ತದೆ. ಒಂದು ಬಡಿತದಲ್ಲಿ ಅದು ಕೂದಲೆಳೆಯಷ್ಟೇ ಸರಿಯಬಹುದು. ಆದರೆ ನಿಮಿಷಕ್ಕೆ ಅರವತ್ತು ಬಡಿತವೆಂದು ಹಿಡಿದರೂ ಎರಡು ಗಂಟೆಯ ಕಾರ್ಯಕ್ರಮದಲ್ಲಿ ಏಳು ಸಾವಿರಕ್ಕೂ ಹೆಚ್ಚು ಬಡಿತಗಳು. ನುಣುಪಾದ ಟೈಲ್ಸಿನ ಮೇಲೆ ಕೂದಲೆಳೆಗಳು ಕೂಡಿ ಗೇಣಾಗುವುದಕ್ಕೆ ಒಂದೆರಡು ಹಾಡು ಸಾಕು.

ಇಲ್ಲಿ ನ್ಯೂಟನ್ನನ ಮೂರನೆಯ ನಿಯಮ ನೆರವಿಗೆ ಬರುತ್ತದೆ. ವಾದಕನ ಕಾಲು ಡ್ರಮ್ಮನ್ನು ಎಷ್ಟು ಬಲದಿಂದ ಮುಂದಕ್ಕೆ ನೂಕುತ್ತದೆಯೋ ಅಷ್ಟೇ ಬಲ ಅವನನ್ನೂ ಅವನ ಪೀಠವನ್ನೂ ಹಿಂದಕ್ಕೆ ನೂಕುತ್ತದೆ. ಡ್ರಮ್ಮು ಹಾಸಿನ ಮೇಲೆ, ಪೀಠ ಬರಿಯ ನೆಲದ ಮೇಲೆ ಇದ್ದರೆ ಹಾಸು ಡ್ರಮ್ಮಿನೊಡನೆ ಮುಂದಕ್ಕೆ ಜಾರುತ್ತದೆ. ಎರಡೂ ಒಂದೇ ಹಾಸಿನ ಮೇಲಿದ್ದರೆ ಮುಂದಿನ ನೂಕು, ಹಿಂದಿನ ನೂಕು ಎರಡೂ ಒಂದೇ ಬಟ್ಟೆಯೊಳಗೆ ಎದುರುಬದುರಾಗಿ ತೀರಿಹೋಗುತ್ತವೆ. ಮೇಲಾಗಿ ವಾದಕನ ಐವತ್ತು ಅರವತ್ತು ಕಿಲೋ ಭಾರವೂ ಹಾಸನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಹಳೆಯ ವಾದಕರು ಹಾಸು ಸಿಗದ ಕಡೆ ಡ್ರಮ್ಮಿನ ಕಾಲಿಗೂ ಪೀಠಕ್ಕೂ ಹಗ್ಗ ಬಿಗಿದು ಬಾರಿಸುತ್ತಿದ್ದ ಉಪಾಯದ ಒಳಗುಟ್ಟೂ ಇದೇ.

ಹಾಸನ್ನು ಕೊಳ್ಳುವವರು ನೆನಪಿಡಬೇಕಾದ ಮೊದಲ ಮಾತು, ಮುಖ್ಯವಾದ ಮಾತು, ಇದು: ಹಾಸು ವಾದ್ಯಕ್ಕೆ ಮಾತ್ರವಲ್ಲ, ವಾದಕನಿಗೂ ಸೇರಿದ್ದು. ಪೀಠವನ್ನು ಒಳಗೊಳ್ಳದ ಹಾಸು ಎಷ್ಟು ಬೆಲೆಬಾಳಿದರೂ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ.

ಅಳತೆಯ ಕ್ರಮ

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿ ಸೆಟ್ಟನ್ನು ಪೂರ್ತಿಯಾಗಿ ಜೋಡಿಸಬೇಕು. ವಾದಕನು ತನ್ನ ಎಂದಿನ ಭಂಗಿಯಲ್ಲಿ ಕುಳಿತುಕೊಳ್ಳಲಿ. ಮನೆಯವರೊಬ್ಬರು ಸೀಮೆಸುಣ್ಣ ಹಿಡಿದು ಹೊರಗಿನ ಕಾಲುಗಳ ಸುತ್ತ ನೆಲದ ಮೇಲೆ ಗೆರೆ ಎಳೆಯಲಿ. ಪೀಠದ ಹಿಂಗಾಲುಗಳನ್ನು ಮರೆಯಬಾರದು. ಆ ಗೆರೆಯಿಂದ ನಾಲ್ಕು ಕಡೆಗೂ ಅರ್ಧ ಅಡಿ ಬಿಟ್ಟು ಅಳೆದರೆ ಬೇಕಾದ ಉದ್ದಗಲ ದೊರೆಯುತ್ತದೆ. ಒತ್ತಾಗಿ ಜೋಡಿಸಿದ ಸಣ್ಣ ಸೆಟ್ಟಿಗೆ ಆರೂವರೆ ಅಡಿ ಉದ್ದ, ಐದು ಅಡಿಗಿಂತ ತುಸು ಹೆಚ್ಚು ಅಗಲ ಸಾಕಾಗಬಹುದು. ದೊಡ್ಡ ಸೆಟ್ಟಿಗೆ ಆರೂವರೆ ಅಡಿಯ ಚೌಕ ಬೇಕು. ಮಗ ಬೆಳೆಯುವವನು, ಸೆಟ್ಟೂ ಬೆಳೆಯುತ್ತದೆ ಎಂದು ಕೋಣೆ ತುಂಬುವ ಹಾಸನ್ನು ತರುವುದು ಮಾತ್ರ ಜಾಣತನವಲ್ಲ. ಬಸ್ಸಿನ ಮೇಲೋ ಟೆಂಪೋದ ಮೂಲೆಯಲ್ಲೋ ಹೋಗಬೇಕಾದ ವಸ್ತು ಅದು. ಒಬ್ಬನು ಸುತ್ತಿ ಹೆಗಲ ಮೇಲೆ ಹೊರುವಂತಿರಬೇಕು.

ಯಾವ ಹಾಸು?

ಮನೆಯಲ್ಲಿ ಕೈಗೆ ಮೊದಲು ಸಿಗುವುದು ಚಾಪೆ. ಜೊಂಡಿನದಾಗಲಿ ಪ್ಲಾಸ್ಟಿಕ್ಕಿನದಾಗಲಿ, ಚಾಪೆ ಊಟಕ್ಕೆ, ನಿದ್ರೆಗೆ, ಹರಟೆಗೆ ಒಳ್ಳೆಯದು, ಡ್ರಮ್ಮಿಗೆ ಹೇಳಿದ್ದಲ್ಲ. ಅದು ತಾನೇ ಜಾರುತ್ತದೆ, ಉಕ್ಕಿನ ಮೊನೆ ತಾಗಿದರೆ ಸೀಳುತ್ತದೆ.

ಎರಡನೆಯದು ಹತ್ತಿಯ ಜಮಖಾನ. ಮಡಿಸುವುದಕ್ಕೆ ಹಗುರ, ಒಗೆಯುವುದಕ್ಕೆ ಸುಲಭ, ಮೇಲ್ಮೈ ಸಮತಟ್ಟು. ಕಾಲುಗಳು ಓಲಾಡದೆ ನಿಲ್ಲುತ್ತವೆ. ಅದರ ದೋಷ ತಳಭಾಗದಲ್ಲಿದೆ: ನುಣುಪಾದ ನೆಲದ ಮೇಲೆ ಹತ್ತಿಗೆ ಹಿಡಿತ ಸಾಲದು. ಅಡಿಯಲ್ಲಿ ರಬ್ಬರಿನ ಜಾಲರಿ ಹಾಸಿದರೆ ಈ ದೋಷ ಬಹುಪಾಲು ನೀಗುತ್ತದೆ. ಆದರೆ ಜಮಖಾನಗಳೆಲ್ಲ ಒಂದೇ ಅಲ್ಲ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನಿಲುವು ಮಗ್ಗದ ಮುಂದೆ ಕುಳಿತು ಎಳೆ ಎಳೆಯಾಗಿ ನೇಯುವ ಜಮಖಾನಗಳಲ್ಲಿ ನವಿಲು, ಪಗಡೆಯ ಹಾಸು ಮೊದಲಾದ ಚಿತ್ತಾರಗಳು ಅರಳುತ್ತವೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ಕಸುಬಿನಲ್ಲಿ ಇಂದು ಉಳಿದಿರುವ ಕೈಗಳು ಕೆಲವೇ. ಅಂಥ ಜಮಖಾನದ ಮೇಲೆ ಉಕ್ಕಿನ ಮೊನೆಗಳನ್ನು ಊರುವುದು ರೇಷ್ಮೆ ಸೀರೆಯಲ್ಲಿ ಬೆಲ್ಲದ ಅಚ್ಚನ್ನು ಕಟ್ಟಿದಂತೆ. ಅದು ಮೃದಂಗದವರಿಗೆ, ತಬಲದವರಿಗೆ, ಗಾಯಕರಿಗೆ ಇರಲಿ. ಮನೆಯಲ್ಲಿ ಅದಕ್ಕೊಂದು ಮರ್ಯಾದೆಯ ಸ್ಥಳ ಕೊಟ್ಟು ಕೊಂಡರೆ ನೇಯುವ ಕೈಗಳಿಗೂ ಕೆಲಸ ಉಳಿಯುತ್ತದೆ.

ಮೂರನೆಯದು ಕಂಬಳಿ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಡೆಯ ಕುರಿಯುಣ್ಣೆಯ ಕಂಬಳಿ ಹೆಸರಾದದ್ದು. ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ನೇಯುವುದರಿಂದ ಅದು ಬಿರುಸಾಗಿ ನಿಲ್ಲುತ್ತದೆ. ಉಣ್ಣೆಯ ಒರಟುತನದಿಂದ ಹತ್ತಿಗಿಂತ ಹೆಚ್ಚು ಹಿಡಿತವೂ ಉಂಟು. ತುರ್ತಿಗೆ ಮಡಿಸಿ ಪೆಡಲಿನ ಅಡಿಗೆ ಕೊಟ್ಟರೆ ಒಂದು ಸಂಜೆಯನ್ನು ದಾಟಿಸುತ್ತದೆ. ಆದರೆ ನಿತ್ಯದ ಬಳಕೆಯಲ್ಲಿ ಮೊನೆಗಳು ಅದರ ಎಳೆಯನ್ನು ಕೀಳುತ್ತವೆ. ಬಿಸಿಲು ಕಾಣಿಸದೆ ಮೂಲೆಗಿಟ್ಟರೆ ನುಸಿ ಹಿಡಿಯುತ್ತದೆ.

ನಾಲ್ಕನೆಯದು ಅರಸೀಕೆರೆ, ತಿಪಟೂರು ಸೀಮೆಯವರಿಗೆ ಮನೆಮಾತಾದ ತೆಂಗಿನ ನಾರಿನ ಹಾಸು. ತೇವಕ್ಕೆ ಬೇಗನೆ ಕೊಳೆಯದ, ತುಳಿತಕ್ಕೆ ಬಗ್ಗದ ಗಟ್ಟಿಗ ಅದು. ತಳಕ್ಕೆ ರಬ್ಬರು ಹಚ್ಚಿದ, ಒತ್ತಾಗಿ ನೇಯ್ದ ನಾರಿನ ಹಾಸು ಡ್ರಮ್ಮಿನ ಕಾಲನ್ನು ಚೆನ್ನಾಗಿ ಕಚ್ಚಿ ಹಿಡಿಯುತ್ತದೆ. ಬಾಗಿಲ ಬಳಿಯ ಕಾಲೊರಸಿನಂತೆ ಎತ್ತರದ ಕುಚ್ಚುಳ್ಳದ್ದು ಬೇಡ. ಅದರಲ್ಲಿ ನಿಲುವುಗಳು ತೂಗಾಡುತ್ತವೆ, ಬಿದ್ದ ತಿರುಪು ಮತ್ತೆ ಕಾಣಸಿಗದು. ರಬ್ಬರಿಲ್ಲದ ಒರಟು ನಾರು ಗಾರೆಯ ನೆಲವನ್ನು ಗೀಚುತ್ತದೆ. ಭಾರವೂ ಹೆಚ್ಚು. ಮನೆಯ ಒಂದೇ ಕೋಣೆಯಲ್ಲಿ ಕಾಯಂ ಆಗಿ ನಿಲ್ಲುವ ಸೆಟ್ಟಿಗೆ ಇದು ತಕ್ಕದ್ದು; ಊರೂರು ತಿರುಗುವ ತಂಡಕ್ಕೆ ಅಷ್ಟು ಒಗ್ಗದು.

ಶಾಮಿಯಾನದವರು ವೇದಿಕೆಗೆ ಹಾಸುವ ತೆಳುವಾದ ಕೆಂಪು ಕಾರ್ಪೆಟ್ಟನ್ನು ನಂಬಿದವರು ಕೆಟ್ಟರು. ಅದು ನೋಟಕ್ಕೆ ಮಾತ್ರ. ಎಳೆದರೆ ಹಿಗ್ಗುತ್ತದೆ, ಕಾಲಿನಡಿ ಸುಕ್ಕುಗಟ್ಟುತ್ತದೆ, ಮೊನೆ ಒತ್ತಿದರೆ ತೂತಾಗುತ್ತದೆ. ಬರಿಯ ರಬ್ಬರಿನ ಹಾಳೆ ಹಿಡಿತದಲ್ಲಿ ಎಲ್ಲಕ್ಕೂ ಮೇಲು. ಆದರೆ ಹೊರುವವನ ಬೆನ್ನು ಬಾಗುತ್ತದೆ, ವಿನೈಲ್ ನೆಲದ ಮೇಲೆ ಬಹುಕಾಲ ಬಿಟ್ಟರೆ ಅಳಿಸಲಾಗದ ಕಲೆ ಉಳಿಯುತ್ತದೆ.

ಇವೆಲ್ಲವನ್ನೂ ತೂಗಿ ನೋಡಿದರೆ, ತಿರುಗಾಡುವ ವಾದಕನಿಗೆ ಹೊಂದುವುದು ಕುಚ್ಚು ಗಿಡ್ಡವಾಗಿ, ಒತ್ತಾಗಿ ಇರುವ, ತಳಕ್ಕೆ ರಬ್ಬರು ಹಚ್ಚಿದ ಕಾರ್ಪೆಟ್ಟು. ಡ್ರಮ್ಮಿಗೆಂದೇ ತಯಾರಾದ ಹಾಸುಗಳು ವಾದ್ಯದಂಗಡಿಗಳಲ್ಲಿ ದೊರೆಯುತ್ತವೆ. ಅಷ್ಟು ಬೆಲೆ ತೆರಲಾಗದವರು ಕಾರ್ಪೆಟ್ಟಿನ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡನ್ನು ಕೇಳಿ ತಂದು ಅಂಚು ಹೊಲಿಸಿಕೊಂಡರೆ ಅದೇ ಕೆಲಸ ಕಡಿಮೆ ಹಣದಲ್ಲಿ ಆಗುತ್ತದೆ. ಕೊಳ್ಳುವ ಮುನ್ನ ಎರಡು ಪರೀಕ್ಷೆ. ಅಂಗಡಿಯ ನುಣ್ಣನೆಯ ನೆಲದ ಮೇಲೆ ಹಾಸಿ, ಅದರ ಮೇಲೆ ಒಂದು ಕಾಲಿಟ್ಟು ಹಿಮ್ಮಡಿಯಿಂದ ಮುಂದಕ್ಕೆ ನೂಕಬೇಕು, ಜಾರಿದರೆ ಬೇಡ. ಅನಂತರ ಮೇಲ್ಮೈಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಬೇಕು. ಬೆರಳು ಹೂತುಹೋಗುವಷ್ಟು ಮೆತ್ತಗಿದ್ದರೂ ಬೇಡ.

ನೆಲದ ಮಾತು

ಬೇಸ್ ಡ್ರಮ್ಮಿನ ಕಾಲುಗಳ ತುದಿಯಲ್ಲಿ ಸಾಮಾನ್ಯವಾಗಿ ರಬ್ಬರಿನ ಟೋಪಿಯಿರುತ್ತದೆ. ಅದನ್ನು ತಿರುಗಿಸಿದರೆ ಒಳಗಿನಿಂದ ಉಕ್ಕಿನ ಮೊನೆ ಹೊರಬರುತ್ತದೆ. ಮೊನೆ ದಪ್ಪನೆಯ ಹಾಸಿಗಾಗಿ, ರಬ್ಬರು ಬರಿಯ ನೆಲಕ್ಕಾಗಿ. ತೆಳುವಾದ ಹಾಸಿನ ಮೇಲೆ ಮೊನೆಯನ್ನು ಹೊರಬಿಟ್ಟರೆ ಅದು ಬಟ್ಟೆಯನ್ನು ದಾಟಿ ಕೆಂಪು ಗಾರೆಯನ್ನೋ ಮೊಸಾಯಿಕ್ಕನ್ನೋ ಕೆತ್ತುತ್ತದೆ. ಬಾಡಿಗೆ ಮನೆಯಲ್ಲಿರುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳೇಬೀಡಿನಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. ಹನ್ನೆರಡನೆಯ ಶತಮಾನದಲ್ಲಿ ವಿಷ್ಣುವರ್ಧನನ ಕಾಲಕ್ಕೆ ಕಟ್ಟಲು ತೊಡಗಿದ ಹೊಯ್ಸಳೇಶ್ವರ ದೇವಾಲಯವು ಬಳಪದ ಕಲ್ಲಿನದು. ಸ್ಲೇಟಿನ ಮೇಲೆ ಬರೆಯುವ ಬಳಪದ ಹೆಸರೇ ಆ ಶಿಲೆಗೆ ಬಂದಿರುವುದು ಸುಮ್ಮನೆ ಅಲ್ಲ; ಅದು ಮೃದುವಾದ ಕಲ್ಲು. ಉಳಿಯ ತುದಿಗೆ ಅಷ್ಟು ಸುಲಭವಾಗಿ ಒಲಿದದ್ದರಿಂದಲೇ ಬೆರಳ ಉಂಗುರವೂ ಮಣಿಸರವೂ ಅದರಲ್ಲಿ ಮೂಡಿದವು. ಉಳಿಗೆ ಒಲಿದ ಕಲ್ಲು ಉಕ್ಕಿನ ಮೊನೆಗೂ ಒಲಿಯುತ್ತದೆ. ಕಲೆ ಮೂಡಿಸಿದ ಗುಣವೇ ಗಾಯಕ್ಕೂ ದಾರಿ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಂಥ ಸಂರಕ್ಷಿತ ಸ್ಮಾರಕಗಳಲ್ಲಿ ಸರ್ಕಾರದ ಅನುಮತಿಯಿಲ್ಲದೆ ಸಭೆ, ಮನರಂಜನೆಗಳನ್ನು ನಡೆಸುವಂತಿಲ್ಲ. ಎಂಥ ಹಾಸನ್ನು ಹಾಸಿದರೂ ಡ್ರಮ್ ಸೆಟ್ಟಿಗೆ ತಕ್ಕ ಸ್ಥಳ ಪ್ರಾಕಾರದ ಹೊರಗೆ ಕಟ್ಟಿದ ವೇದಿಕೆಯೇ.

ಹೊರಗಿನ ವೇದಿಕೆಗೂ ತನ್ನದೇ ಕಷ್ಟಗಳುಂಟು. ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ ಜೋಡಿಸಿದ ಕಡೆ ಸಂದುಗಳಿರುತ್ತವೆ. ನಿಲುವಿನ ಕಾಲೊಂದು ಸಂದಿಗೆ ಇಳಿದರೆ ಸಿಂಬಲ್ಲು ಮೈಮೇಲೆ ಉರುಳುತ್ತದೆ. ಹಾಸುವ ಮೊದಲು ಹಲಗೆಗಳನ್ನು ಕೈಯಿಂದ ಒತ್ತಿ ನೋಡಬೇಕು. ಹಳೇಬೀಡು ಮಲೆನಾಡಿನ ಅಂಚಿನ ಊರು; ಚಳಿಗಾಲದ ರಾತ್ರಿ ಇಬ್ಬನಿ ಇಳಿದು ಹಲಗೆ ಒದ್ದೆಯಾಗುತ್ತದೆ. ಒದ್ದೆಯ ಮೇಲೆ ರಬ್ಬರಿನ ತಳವೂ ಜಾರಬಲ್ಲದು. ಒಣಬಟ್ಟೆಯಿಂದ ಒರೆಸಿಯೇ ಹಾಸಬೇಕು. ವಿದ್ಯುತ್ತಿನ ತಂತಿಗಳನ್ನು ಹಾಸಿನ ಅಡಿಯಲ್ಲಿ ಹಾಯಿಸುವ ಅಭ್ಯಾಸ ಅಪಾಯಕರ. ನಿಲುವಿನ ಕಾಲು ತಂತಿಯ ಮೇಲೆ ಊರಿ ಅದರ ಹೊದಿಕೆ ಬಿರಿದರೆ, ಉಕ್ಕಿನ ನಿಲುವುಗಳ ನಡುವೆ ಕುಳಿತವನ ಜೀವಕ್ಕೇ ಸಂಚಕಾರ. ತಂತಿ ಕಣ್ಣಿಗೆ ಕಾಣುವಂತೆ, ಹಾಸಿನ ಅಂಚನ್ನು ಬಳಸಿ ಹೋಗಲಿ.

ನೆರೆಮನೆಯ ನೆಮ್ಮದಿ

ನಗರದ ವಠಾರಗಳಲ್ಲಿ, ಬಹುಮಹಡಿಯ ಮನೆಗಳಲ್ಲಿ ಮಕ್ಕಳಿಗೆ ಡ್ರಮ್ಮು ಕೊಡಿಸುವ ತಾಯಿತಂದೆಯರು ಹಾಸಿನಿಂದ ಇನ್ನೊಂದನ್ನು ನಿರೀಕ್ಷಿಸುತ್ತಾರೆ: ಸದ್ದು ಅಡಗಬೇಕು. ಈ ವಿಷಯದಲ್ಲಿ ಅಂಗಡಿಯವರ ಮಾತನ್ನು ಪೂರ್ತಿ ನಂಬಬಾರದು. ಹಾಸು ಕೋಣೆಯೊಳಗೆ ಪ್ರತಿಧ್ವನಿಸುವ ಸಿಂಬಲ್ಲಿನ ಕಟುವಾದ ನಾದವನ್ನು ಸ್ವಲ್ಪ ಹೀರುತ್ತದೆ, ಅಷ್ಟೆ. ಬೇಸ್ ಡ್ರಮ್ಮಿನ ಗುಡುಗು ಉಕ್ಕಿನ ಕಾಲುಗಳ ಮೂಲಕ ಕಾಂಕ್ರೀಟಿಗೆ ಇಳಿದು ಕೆಳಮನೆಯ ಚಾವಣಿಯಲ್ಲಿ ನುಡಿಯುತ್ತದೆ. ಅದನ್ನು ತೆಳುವಾದ ಕಾರ್ಪೆಟ್ಟು ತಡೆಯಲಾರದು. ಮಂದವಾದ ಪ್ಲೈವುಡ್ ಹಲಗೆಯ ಅಡಿಗೆ ದಪ್ಪನೆಯ ರಬ್ಬರು ನೊರೆಯನ್ನು ಕೊಟ್ಟು, ಹಲಗೆಯ ಮೇಲೆ ಹಾಸು ಹಾಸಿ, ಅದರ ಮೇಲೆ ಸೆಟ್ಟನ್ನು ನಿಲ್ಲಿಸಿದರೆ ಗುಡುಗು ಗಮನಾರ್ಹವಾಗಿ ತಗ್ಗುತ್ತದೆ. ಅದಕ್ಕಿಂತ ಅಗ್ಗವಾದ ಉಪಾಯ, ಅಭ್ಯಾಸದ ವೇಳೆಯನ್ನು ಕೆಳಮನೆಯವರೊಡನೆ ಕೂತು ಮಾತನಾಡಿ ಗೊತ್ತುಮಾಡುವುದು. ಮಗುವಿನ ಪರೀಕ್ಷೆಯ ದಿನಗಳು, ವೃದ್ಧರ ಮಧ್ಯಾಹ್ನದ ನಿದ್ರೆ – ಇವನ್ನು ಗೌರವಿಸಿದ ಮನೆಯಿಂದ ಬರುವ ಸದ್ದು ನೆರೆಯವರ ಕಿವಿಗೂ ಕಡಿಮೆಯಾಗಿಯೇ ಕೇಳಿಸುತ್ತದೆ.

ಒಯ್ಯುವುದು, ಕಾಪಾಡುವುದು

ಹಾಸನ್ನು ಮಡಿಸಬಾರದು; ಸುತ್ತಬೇಕು. ಮಡಿಕೆಯ ಗೆರೆ ಒಮ್ಮೆ ಉಬ್ಬಿ ನಿಂತರೆ ಅದರ ಮೇಲೆ ಊರಿದ ಕಾಲು ನೆಟ್ಟಗೆ ನಿಲ್ಲದು, ಓಡಾಡುವವರೂ ಎಡವುತ್ತಾರೆ. ಪ್ಲಾಸ್ಟಿಕ್ಕಿನ ಕೊಳವೆಯೊಂದಕ್ಕೆ ಸುತ್ತಿ ಎರಡು ಕಡೆ ಪಟ್ಟಿ ಬಿಗಿದರೆ ಹೊರುವುದಕ್ಕೂ ಸುಲಭ. ಮಳೆಗಾಲದ ಕಾರ್ಯಕ್ರಮದಿಂದ ಬಂದ ಮೇಲೆ ಎಷ್ಟೇ ಆಯಾಸವಿದ್ದರೂ ಬಿಡಿಸಿ ಗಾಳಿಗೆ ಹಾಕಬೇಕು. ಸುತ್ತಿದ ಹಾಸಿನೊಳಗೆ ಬೂಷ್ಟು ಬೆಳೆಯುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಮನೆಯಲ್ಲಿ ಸದಾ ಹಾಸಿಡುವವರೂ ವಾರಕ್ಕೊಮ್ಮೆ ಎತ್ತಿ ನೆಲಕ್ಕೆ ಉಸಿರಾಡಲು ಬಿಡುವುದು ಒಳ್ಳೆಯದು.

ಇನ್ನೊಂದು ಚಿಕ್ಕ ಉಪಾಯವನ್ನು ಅನುಭವಿಗಳಾದ ವಾದಕರು ತಪ್ಪದೆ ಪಾಲಿಸುತ್ತಾರೆ. ಸೆಟ್ಟು ಕೈಗೆ ಕಾಲಿಗೆ ಹಿತವಾಗುವಂತೆ ಒಮ್ಮೆ ಜೋಡಿಸಿದ ಮೇಲೆ, ಪ್ರತಿಯೊಂದು ಕಾಲು ನಿಂತ ಕಡೆ ಬಣ್ಣದ ಅಂಟುಪಟ್ಟಿಯ ತುಣುಕನ್ನು ಹಾಸಿನ ಮೇಲೆ ಅಂಟಿಸುತ್ತಾರೆ: ಸ್ನೇರಿಗೆ ಒಂದು ಬಣ್ಣ, ಟಾಮಿಗೆ ಒಂದು ಬಣ್ಣ, ಪೀಠಕ್ಕೆ ಇನ್ನೊಂದು. ಮುಂದಿನ ಊರಿನಲ್ಲಿ ದೀಪ ಮಂಕಾಗಿರಲಿ, ವೇಳೆ ಕಡಿಮೆಯಿರಲಿ, ಗುರುತು ನೋಡಿ ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ವಾದ್ಯ ಸಿದ್ಧ. ಅಂಗುಲದ ವ್ಯತ್ಯಾಸವೂ ಇಲ್ಲ. ಬೇಸ್ ಡ್ರಮ್ಮಿನ ಮುಂದೆ ಹಾಸಿಗೇ ಭದ್ರವಾಗಿ ಹೊಲಿದ ಮರದ ಪಟ್ಟಿಯೊಂದು ಅಡ್ಡಗಟ್ಟಿಯಾಗಿ ನಿಂತರೆ ತೆವಳುವ ಚಾಳಿಗೂ ಮಂಗಳ ಹಾಡಿದಂತೆ.

ಇಷ್ಟಾದ ಮೇಲೆ ಸಾಮಾನ್ಯ ಹಾಸೊಂದು ವಾದಕನ ಊರೇ ಆಗಿಬಿಡುತ್ತದೆ. ಹಳೇಬೀಡಿನ ಬಯಲು ವೇದಿಕೆಯಿರಲಿ, ಅರಸೀಕೆರೆಯ ಕಲ್ಯಾಣಮಂಟಪವಿರಲಿ, ಬೆಂಗಳೂರಿನ ಸಭಾಂಗಣವಿರಲಿ, ಅವನ ಕಾಲಿನಡಿ ಇರುವುದು ಅದೇ ಪರಿಚಿತ ನೆಲ. ಸಾವಿರಾರು ರೂಪಾಯಿಗಳ ವಾದ್ಯವನ್ನು ಕೊಳ್ಳುವ ಮನೆಯವರು ಅದರೊಂದಿಗೆ ಈ ಚದರ ನೆಲವನ್ನೂ ಕೊಡಿಸಿದರೆ, ಲಯ ಕಲಿಯುವ ಹುಡುಗನೋ ಹುಡುಗಿಯೋ ಡ್ರಮ್ಮನ್ನು ಹಿಡಿದುಕೊಳ್ಳುವ ಚಿಂತೆ ಬಿಟ್ಟು ತಾಳವನ್ನು ಹಿಡಿದುಕೊಳ್ಳಬಹುದು.